ಲ್ಯಾಬಿನಿಂದ ವಾರ್ಡಿಗೆ ಎಷ್ಟು ದೂರ?

ತಂಗಿ,

ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲೇ ಎಂ.ಟೆಕ್. ಮಾಡಿ ಮುಂದೆ ಸಂಶೋಧನೆಗೆ ಹೋಗಬೇಕೆಂದು ನೀನು ಗಟ್ಟಿ ಮನಸ್ಸು ಮಾಡಿದ್ದು ಕೇಳಿ ಈ ಕಾಕಾನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಯಾವ ಯೂನಿವರ್ಸಿಟಿ ಲ್ಯಾಬು ಚಲೋ ಅದ, ನೋಡಿ ಹೇಳ್ರಿ ಕಾಕಾ" ಎಂದು ನೀನು ಕಳಿಸಿದ ಪಟ್ಟಿಯನ್ನು ಒಂದಕ್ಷರ ಬಿಡದೆ ಓದಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪು, ತ್ರೀಡಿ ಪ್ರಿಂಟರು, ಕ್ಲೀನ್ ರೂಮು, ಜೀವಕೋಶ ಬೆಳೆಸುವ ಕೋಣೆ, ಮನುಷ್ಯನ ನಡಿಗೆ ಅಳೆಯುವ ಕ್ಯಾಮೆರಾಗಳು, ಒಂದಕ್ಕಿಂತ ಒಂದು ಮಿಗಿಲು. ಆದರೆ ನನಗೆ ಬೇಕಾಗಿದ್ದ ಒಂದು ಸಂಗತಿಯನ್ನು ಆ ಪಟ್ಟಿಯಲ್ಲಿ ಯಾವ ಕ್ಯಾಂಪಸ್ಸಿನವರೂ ಬರೆದಿರಲಿಲ್ಲ. ಆ ಲ್ಯಾಬಿನ ಬಾಗಿಲಿನಿಂದ ರೋಗಿ ಮಲಗಿದ ಮಂಚಕ್ಕೆ ಎಷ್ಟು ದೂರ?

ದವಾಖಾನೆಯ ಯಂತ್ರಗಳನ್ನು ಬಿಚ್ಚಿ ಕೂಡಿಸುತ್ತಲೇ ಕೂದಲು ಹಣ್ಣಾದವನು ನಾನು. ಹಾಗಾಗಿ ಪ್ರೊಫೆಸರರು ಹೇಳುವಂಥ ಮಾತು ನನ್ನಲ್ಲಿಲ್ಲ. ಅವರು ಹೇಳಲು ಮರೆಯಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಕ್ಯಾಂಪಸ್ ನೋಡಲು ಹೋದಾಗ ಯಂತ್ರದ ಬೆಲೆ ಕೇಳಬೇಡ, ಅದರ ಲಾಗ್‌ಬುಕ್ ಕೇಳು. ಪ್ರತಿ ದೊಡ್ಡ ಉಪಕರಣದ ಪಕ್ಕದಲ್ಲೂ ಯಾರು, ಎಂದು, ಎಷ್ಟು ಹೊತ್ತು ಬಳಸಿದರು ಎಂದು ಬರೆಯುವ ಒಂದು ರಿಜಿಸ್ಟರ್ ಇರಬೇಕು. ಅದರ ಪುಟಗಳು ಬೆರಳಾಡಿ ಮಾಸಿವೆಯೋ, ಬೇರೆ ವಿಭಾಗದವರ ಹೆಸರುಗಳೂ ಅದರಲ್ಲಿವೆಯೋ, ಸಂಜೆ ಐದರ ಮೇಲೆ ಯಾರಾದರೂ ಕೆಲಸ ಮಾಡಿದ್ದಾರೋ ನೋಡು. ಯಂತ್ರದ ಬೆನ್ನಿಗೆ ಅಂಟಿಸಿದ ಕ್ಯಾಲಿಬ್ರೇಶನ್ ಚೀಟಿಯ ಮೇಲೆ ಯಾವ ವರ್ಷದ ತಾರೀಖಿದೆ ಎಂಬುದನ್ನೂ ಓದು. ಕೊಂಡಾಗಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಉಪಕರಣ ಕಂಡರೆ ಪಟ್ಟಿಯಿಂದ ಅದರ ಹೆಸರು ಹೊಡೆದುಹಾಕು. ಹೊಸ ಯಂತ್ರ ಕೊಳ್ಳಲು ಅನುದಾನ ತರುವುದು ಒಂದು ಶಕ್ತಿ, ಅದನ್ನು ಹತ್ತು ವರ್ಷ ನಡೆಸುವುದು ಬೇರೆಯೇ ಶಕ್ತಿ. ಎರಡನೆಯದಕ್ಕೆ ವರ್ಷ ವರ್ಷ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ದುಡ್ಡು ಬೇಕು, ಕಾಯಂ ಟೆಕ್ನಿಷಿಯನ್ ಬೇಕು. ಆ ಟೆಕ್ನಿಷಿಯನ್ ಯಾರೆಂದು ವಿಚಾರಿಸಿ ಅವರೊಂದಿಗೆ ಕೂತು ಒಂದು ಕಪ್ ಚಹಾ ಕುಡಿದು ಬಾ. ಲ್ಯಾಬಿನ ನಿಜವಾದ ಹಾಜರಿ ಪುಸ್ತಕ ಅವರ ತಲೆಯಲ್ಲಿರುತ್ತದೆ. ಯಾವ ಯಂತ್ರ ಮಳೆಗಾಲದಲ್ಲಿ ಕೈಕೊಡುತ್ತದೆ, ಯಾವ ಗೈಡು ತಮ್ಮ ವಿದ್ಯಾರ್ಥಿಗಳನ್ನು ಯಂತ್ರ ಮುಟ್ಟಲು ಬಿಡುತ್ತಾರೆ, ಎಲ್ಲವನ್ನೂ ಹೇಳುತ್ತಾರೆ.

ಇನ್ನು ದೂರದ ಮಾತಿಗೆ ಬರುತ್ತೇನೆ, ಏಕೆಂದರೆ ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಈ ನಾಡಿನಲ್ಲಿ ಅದಕ್ಕಿಂತ ದೊಡ್ಡ ಲ್ಯಾಬು ಯಾರ ಬಳಿ ಇದೆ ಹೇಳು. ಆದರೂ ನೂರು ವರ್ಷ ದಾಟಿದ ಮೇಲೆ, 2022ರಲ್ಲಿ, ತನ್ನ ಅಂಗಳದಲ್ಲೇ 800 ಹಾಸಿಗೆಯ ಆಸ್ಪತ್ರೆಯನ್ನೂ ವೈದ್ಯಕೀಯ ಶಾಲೆಯನ್ನೂ ಕಟ್ಟುವುದಾಗಿ ಅದು ಪ್ರಕಟಿಸಿತು. ಸುಷ್ಮಿತಾ–ಸುಬ್ರತೋ ಬಾಗ್ಚಿ, ರಾಧಾ–ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಅದಕ್ಕಾಗಿ 425 ಕೋಟಿ ರೂಪಾಯಿ ಕೊಟ್ಟರು. ಜೈವಿಕ ಎಂಜಿನಿಯರಿಂಗ್ ಓದಿದವರು, ಪದಾರ್ಥ ವಿಜ್ಞಾನ ಬಲ್ಲವರು, ಕಂಪ್ಯೂಟರಿನವರು ಎಲ್ಲ ಅಲ್ಲಿದ್ದರು. ಆದರೆ ಬೆಳಿಗ್ಗೆ ಎದ್ದು ನೋಡಲು ರೋಗಿ ಇರಲಿಲ್ಲ. ಮಣಿಪಾಲದಲ್ಲಿ ಈ ಕೊರತೆ ಮೊದಲಿನಿಂದಲೂ ಇಲ್ಲ. ಅಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರದು, ಎಂಜಿನಿಯರಿಂಗ್ ಕಾಲೇಜು 1957ರದು. ಬಯೋಮೆಡಿಕಲ್ ವಿಭಾಗದ ಹುಡುಗರು ಮಧ್ಯಾಹ್ನ ಊಟ ಮುಗಿಸಿ ನಡೆದೇ ಆಸ್ಪತ್ರೆಗೆ ಹೋಗಿಬರಬಹುದು. ನಿನ್ನ ಪಟ್ಟಿಯಲ್ಲಿ ಮಣಿಪಾಲಕ್ಕೆ ನೀನು ಕೊಟ್ಟ ಸ್ಥಾನಕ್ಕಿಂತ ಎರಡು ಮೆಟ್ಟಿಲು ಮೇಲೆ ನಾನಿಡುತ್ತೇನೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಕಥೆಯನ್ನಂತೂ ನೀನು ಬಾಯಿಪಾಠ ಮಾಡಿಕೊಳ್ಳಬೇಕು. ಎಂ.ಎಸ್. ವಲಿಯತ್ತಾನ್ ಹೃದಯದ ಶಸ್ತ್ರವೈದ್ಯರು. ಸಂಧಿವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟ ಎಳೆ ವಯಸ್ಸಿನ ಬಡ ರೋಗಿಗಳು ಅವರೆದುರು ಬಂದು ನಿಲ್ಲುತ್ತಿದ್ದರು. ಕೃತಕ ಕವಾಟ ಪರದೇಶದಿಂದ ಬರಬೇಕು, ಅದರ ಬೆಲೆ ಆ ಜನಕ್ಕೆ ಎಟುಕದು. ಕವಾಟವನ್ನು ಇಲ್ಲಿಯೇ ಮಾಡೋಣ ಎಂದು ಅವರು ಹೊರಟರು. ರಾಜಮನೆತನ ಕೊಟ್ಟ ಸ್ಯಾಟಲ್‌ಮಂಡ್ ಅರಮನೆಯಲ್ಲಿ ಎಂಜಿನಿಯರುಗಳ ವಿಭಾಗ, ಊರಿನ ಇನ್ನೊಂದು ಕಡೆ ಆಸ್ಪತ್ರೆ, ಎರಡಕ್ಕೂ ಒಂದೇ ಆಡಳಿತ. 1980ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು.

ಕವಾಟ ಎಂದರೆ ಏನು ಕೆಲಸ ಅಂತ ಒಮ್ಮೆ ಲೆಕ್ಕ ಹಾಕು. ನಿಮಿಷಕ್ಕೆ 72 ಬಡಿತ ಹಿಡಿದರೂ ವರ್ಷಕ್ಕೆ 3 ಕೋಟಿ 78 ಲಕ್ಷ ಸಲ ಅದು ತೆರೆದು ಮುಚ್ಚಬೇಕು. ಸವೆಯಬಾರದು, ರಕ್ತ ಅದರ ಮೇಲೆ ಹೆಪ್ಪುಗಟ್ಟಬಾರದು, ರಕ್ತಕಣ ನಲುಗಬಾರದು, ಹೊಲಿಗೆ ಬಿಡಬಾರದು. ಹೃದಯಕ್ಕಿಂತ ಹಲವು ಪಟ್ಟು ವೇಗದಲ್ಲಿ ಕವಾಟವನ್ನು ಹಗಲು ರಾತ್ರಿ ಬಡಿಸುವ ಯಂತ್ರ ಇಟ್ಟು ಪರೀಕ್ಷಿಸಿದರು, ಕುರಿಗಳಿಗೆ ಹಾಕಿ ನೋಡಿದರು. ಮೊದಲ ಮೂರು ಮಾದರಿಗಳು ಸೋತವು. ಬಹಳಷ್ಟು ಸಂಸ್ಥೆಗಳಲ್ಲಿ ಅಷ್ಟಕ್ಕೇ ಫೈಲು ಮುಚ್ಚುತ್ತಾರೆ. ಅಲ್ಲಿ ಮುಚ್ಚಲಿಲ್ಲ, ಏಕೆಂದರೆ ಕವಾಟ ಬೇಕಾದ ರೋಗಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತೇ ಇದ್ದ. ನಾಲ್ಕನೆಯ ಮಾದರಿಗೆ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ಗಟ್ಟಿ ಪಾಲಿಥಿಲೀನಿನ ಬಿಲ್ಲೆ, ಸುತ್ತ ಪಾಲಿಯೆಸ್ಟರ್ ಹೊಲಿಗೆ ಪಟ್ಟಿ. ನೋಡಿದರೆ ಎಂಥ ಸಾಧಾರಣ ವಸ್ತುಗಳು! 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಸಲ ಮನುಷ್ಯನ ಹೃದಯಕ್ಕೆ ಜೋಡಿಸಿದರು. ಟಿಟಿಕೆ ಕಂಪನಿ ಅದನ್ನು ತಯಾರಿಸಿ ಮಾರಿತು, ಇಂದಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಕೂತಿದೆ. ಆ ಯಶಸ್ಸಿಗೆ ಲ್ಯಾಬು ಎಷ್ಟು ಕಾರಣವೋ, ವಾರ್ಡಿನಲ್ಲಿ ಬೆಳಿಗ್ಗೆ ಸುತ್ತು ಹೊಡೆದು ಮಧ್ಯಾಹ್ನ ಎಂಜಿನಿಯರುಗಳ ಮೇಜಿನ ಮುಂದೆ ಬಂದು ಕೂರುತ್ತಿದ್ದ ವೈದ್ಯರೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಈಗ ನಮ್ಮ ಕಲಬುರಗಿಯನ್ನು ನೋಡು. ಮಹಾದೇವಪ್ಪ ರಾಂಪೂರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು, 1963ರಲ್ಲಿ ವೈದ್ಯಕೀಯ ಕಾಲೇಜನ್ನು. ಒಂದೇ ಆಡಳಿತ ಮಂಡಳಿ, ಒಂದೇ ಊರು. ಆಟೋ ಹತ್ತಿದರೆ ಐವಾನ್-ಎ-ಶಾಹಿಯಿಂದ ಸೇಡಂ ರಸ್ತೆಗೆ ಎಷ್ಟು ಹೊತ್ತು ಬೇಕು? ಅದೇ ಸೇಡಂ ರಸ್ತೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಬಂತು, ಸಂವಿಧಾನದ 371ಜೆ ಕಲಮಿನ ನೆನಪಿಗೆ ಸರಿಯಾಗಿ 371 ಹಾಸಿಗೆ. ಒಂದು ಕಾಲಕ್ಕೆ ಎದೆ ಹಿಡಿದುಕೊಂಡವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುತ್ತಿದ್ದ ಊರಿದು. ಜ್ಞಾನಗಂಗೆಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಎಂಜಿನಿಯರು, ಡಾಕ್ಟರು ಎಲ್ಲರೂ ಒಂದು ಜಿಲ್ಲೆಯಲ್ಲಿದ್ದಾರೆ. ಇಷ್ಟನ್ನು ಒಂದೇ ಕಡೆ ಪಡೆದ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಆದರೂ ಇಲ್ಲಿಯ ಎಂಜಿನಿಯರಿಂಗ್ ಹುಡುಗರನ್ನು ಕೇಳಿದರೆ ದವಾಖಾನೆಗೆ ಹೋಗಿದ್ದು ಅಜ್ಜಿಗೆ ಆರಾಮಿಲ್ಲದಾಗ ಮಾತ್ರ ಅನ್ನುತ್ತಾರೆ. ಕೂರಿಗೆ ಒಬ್ಬರ ಮನೆಯಲ್ಲಿ, ಹೊಲ ಇನ್ನೊಬ್ಬರದು, ಹದ ಮಾತ್ರ ಹೊರಟುಹೋಗುತ್ತಿದೆ. ಈ ಸಂಕಟ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ, ಅದಕ್ಕೇ ನಿನ್ನ ಮುಂದೆ ಇಷ್ಟು ಹೇಳುತ್ತಿದ್ದೇನೆ.

ಕೊರೊನಾ ಕಾಲ ನಿನಗೂ ನೆನಪಿದೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನದು. 2020ರ ಮಾರ್ಚ್ 10ರಂದು ಆ ಹಿರಿಯರು ತೀರಿಕೊಂಡರು, ಅದು ಕೋವಿಡ್ಡೇ ಎಂದು ಖಚಿತವಾಗಿದ್ದು 12ರಂದು. ಪರೀಕ್ಷೆಯ ಫಲಿತಾಂಶಕ್ಕಾಗಿ ಊರಿಗೆ ಊರೇ ಕಾದು ಕುಳಿತಿತ್ತು. ಮುಂದೆ ಜಿಮ್ಸ್‌ನಲ್ಲೇ ಪರೀಕ್ಷೆಯ ಲ್ಯಾಬು ಬಂತು. ಮನೆಯ ಹತ್ತಿರ ಒಂದು ಲ್ಯಾಬು ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂಬುದನ್ನು ಆ ವರ್ಷ ಕಲಬುರಗಿಯ ಪ್ರತಿ ಮನೆಯೂ ಕಲಿತಿದೆ.

ಸಂಶೋಧನೆಯ ಪ್ರಶ್ನೆ ಎಲ್ಲಿಂದ ತರಲಿ ಎಂದು ಕೇಳಿದ್ದೀಯಲ್ಲ, ಅದಕ್ಕೆ ಬಹಳ ದೂರ ಹೋಗಬೇಡ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ನಿನ್ನ ಊರು ಕಮಲಾಪುರಕ್ಕೇ ಹೋಗು. ಕಮಲಾಪುರ ಎಂದರೆ ಜನ ಕೆಂಪು ಬಾಳೆ ಅನ್ನುತ್ತಾರೆ, ಅದಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಹೆಮ್ಮೆ. ನನಗೆ ಮಾತ್ರ ಆ ಸೀಮೆ ಬಯೋಮೆಡಿಕಲ್ ಎಂಜಿನಿಯರಿಗೆ ಸಿಕ್ಕ ದೊಡ್ಡ ಪ್ರಯೋಗಶಾಲೆಯಾಗಿ ಕಾಣುತ್ತದೆ. ಬಿಸಿಲು, ಧೂಳು, ಕರೆಂಟು, ಈ ಮೂರೂ ಯಂತ್ರದ ಜೀವ ತೆಗೆಯುವ ಬಗೆಯನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಆ ಭಾಗದ ಒಂದು ಸಣ್ಣ ದವಾಖಾನೆಯಲ್ಲಿ ಇಸಿಜಿ ಯಂತ್ರ ಕೆಟ್ಟಿದೆ, ಹೊಸದು ಬೇಕೆಂದು ಪತ್ರ ಬರೆದಿದ್ದರು. ಹೋಗಿ ಒಂದು ಪಟ್ಟಿ ತೆಗೆಸಿದೆ. ಗೆರೆಯ ತುಂಬ ಗರಗಸದ ಹಲ್ಲು. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ದೊಡ್ಡ ಚೌಕ ಒಂದಕ್ಕೆ 0.2 ಸೆಕೆಂಡು. ಒಂದು ಚೌಕದೊಳಗಿನ ಹಲ್ಲುಗಳನ್ನು ಭೂತಗನ್ನಡಿ ಇಟ್ಟು ಎಣಿಸಿದೆ, ಸರಿಯಾಗಿ ಹತ್ತು. ಅಂದರೆ ಸೆಕೆಂಡಿಗೆ ಐವತ್ತು, ನಮ್ಮ ಕರೆಂಟಿನ 50 ಹರ್ಟ್ಸ್! ಹೃದಯದಿಂದ ಚರ್ಮದವರೆಗೆ ಬರುವ ಸಂಕೇತ ಸುಮಾರು ಒಂದು ಮಿಲಿವೋಲ್ಟ್, ಗೋಡೆಯಲ್ಲಿ ಓಡುವುದು 230 ವೋಲ್ಟ್. ಅರ್ತಿಂಗ್ ಸರಿಯಿಲ್ಲದಿದ್ದರೆ ದೊಡ್ಡದು ಸಣ್ಣದನ್ನು ನುಂಗುತ್ತದೆ. ಪ್ಲಗ್ಗು ಬಿಚ್ಚಿ ನೋಡಿದರೆ ಹಸಿರು ವೈರು ತುಂಡಾಗಿ ಒಳಗೇ ಮುದುಡಿ ಕೂತಿತ್ತು. ವೈರು ಜೋಡಿಸಿ, ಎಲೆಕ್ಟ್ರೋಡಿನ ಕೆಳಗೆ ಜೆಲ್ ಹಚ್ಚಿಸಿ ಮತ್ತೊಮ್ಮೆ ತೆಗೆಸಿದಾಗ ಗೆರೆ ತೊಳೆದಿಟ್ಟಂತೆ ಬಂತು. ಹಲ್ಲುಗಳು ಅಡ್ಡಾದಿಡ್ಡಿ ಇದ್ದಿದ್ದರೆ ರೋಗಿ ಚಳಿಗೋ ಭಯಕ್ಕೋ ನಡುಗುತ್ತಿದ್ದಾನೆ ಎಂದರ್ಥ, ಆಗ ಬೇಕಾಗುವುದು ಒಂದು ಕಂಬಳಿ. ಆ ಕಾಗದದ ಚೂರು ನಿನ್ನ ಸಿಗ್ನಲ್ ಪ್ರೊಸೆಸಿಂಗ್ ಪಾಠದ ಅರ್ಧವನ್ನು ಹೇಳಿಕೊಡುತ್ತದೆ.

ತೊಗರಿ ರಾಶಿಯ ದಿನಗಳಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರಿನ ಗಾಳಿ ಫಿಲ್ಟರನ್ನು ತೆಗೆದು ನೋಡು, ಹೊಟ್ಟಿನ ಧೂಳು ಕಂಬಳಿಯಂತೆ ಮೆತ್ತಿಕೊಂಡಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕಂಪ್ರೆಸರ್ ಕಾಯುತ್ತದೆ, ಹೊರಬರುವ ಆಮ್ಲಜನಕದ ಪ್ರಮಾಣ ಇಳಿಯುತ್ತದೆ. ಇನ್ನು ನಮ್ಮ ಮೇ ತಿಂಗಳ ಬಿಸಿಲು. ಎಷ್ಟೋ ಯಂತ್ರಗಳ ಮ್ಯಾನುಯಲ್ಲಿನಲ್ಲಿ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಳಸಿರಿ ಎಂದು ಬರೆದಿರುತ್ತದೆ. ಕಲಬುರಗಿಯ ನೆರಳಿನಲ್ಲೇ ಪಾದರಸ ಅದನ್ನು ದಾಟುತ್ತದೆ, ತಗಡಿನ ಛಾವಣಿಯ ಕೋಣೆಯ ಮಾತು ಬೇಡ. 40ರ ಮೇಲೆ ಆ ಯಂತ್ರ ಎಷ್ಟು ತಪ್ಪು ತೋರಿಸುತ್ತದೆ? ಇದು ಒಂದು ಒಳ್ಳೆಯ ಎಂ.ಟೆಕ್. ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ಪ್ರಶ್ನೆ. ತಂಪು ದೇಶದಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ, ನಿನಗೆ ಹೊಳೆಯದೆ ಇರಬಾರದು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಗೊತ್ತಲ್ಲ, 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ಅದರ ತತ್ವವನ್ನು ಕಂಡುಕೊಂಡರು. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಅವಕೆಂಪು ಇನ್ನೊಂದು. ಎರಡನ್ನೂ ಬೆರಳಿನ ಮೂಲಕ ಹಾಯಿಸಿ ರಕ್ತ ಯಾವುದನ್ನು ಎಷ್ಟು ಹೀರಿತು ಎಂದು ಲೆಕ್ಕ ಹಾಕುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸಿದರೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದವರು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹೊಲದಲ್ಲಿ ಬಿಸಿಲುಂಡ ನಮ್ಮ ಜನರ ಬೆರಳುಗಳನ್ನು, ಮದುವೆಯ ಮೆಹಂದಿ ಇನ್ನೂ ಆರದ ಬೆರಳುಗಳನ್ನು, ರಕ್ತಹೀನತೆಯಿಂದ ಬಿಳಚಿಕೊಂಡ ತಾಯಂದಿರ ಬೆರಳುಗಳನ್ನು ಕೂರಿಸಿಕೊಂಡು ಅಳೆದು ನೋಡಬೇಕಾದವರು ಯಾರು? ಈ ಕೆಲಸಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ರಕ್ತದ ಅನಿಲ ಪರೀಕ್ಷೆ ಮಾಡುವ ಒಂದು ವೈದ್ಯಕೀಯ ಕಾಲೇಜು ಹತ್ತಿರವಿರಬೇಕು, ಜೊತೆಗೆ ನಿಲ್ಲುವ ಒಬ್ಬ ಡಾಕ್ಟರು ಬೇಕು.

ದೊಡ್ಡ ಯಂತ್ರ ಬೇಕೇಬೇಕಾದ ದಿನವೂ ಬರುತ್ತದೆ. ಅದಕ್ಕಾಗಿ ನಿನ್ನ ಕಾಲೇಜು ಅದನ್ನು ಕೊಳ್ಳುವವರೆಗೆ ಕೈಕಟ್ಟಿ ಕೂರಬೇಡ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಐ-ಸ್ಟೆಮ್ ಎಂಬ ವ್ಯವಸ್ಥೆ ತಂದಿದೆ. ದೇಶದ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಅದರಲ್ಲಿ ಹುಡುಕಿ, ಶುಲ್ಕ ಕಟ್ಟಿ ಸ್ಲಾಟ್ ಕಾಯ್ದಿರಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಕೇಂದ್ರವಿದೆ, ಹೊರಗಿನವರ ಸ್ಯಾಂಪಲ್ಲುಗಳನ್ನೂ ಪರೀಕ್ಷಿಸಿ ಕೊಡುತ್ತಾರೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಕ್ಲೀನ್ ರೂಮನ್ನು ಹೊರ ಊರಿನ ಸಂಶೋಧಕರಿಗೂ ತೆರೆದಿಡುವ ಐಎನ್‌ಯುಪಿ ಯೋಜನೆಯಿದೆ, ಅಲ್ಲಿ ತರಬೇತಿಯನ್ನೂ ಕೊಡುತ್ತಾರೆ. ಯಂತ್ರ ಎರವಲು ಸಿಗುತ್ತದೆ ತಂಗಿ, ರೋಗಿಯ ಪಕ್ಕದ ಜಾಗ ಎರವಲು ಸಿಗುವುದಿಲ್ಲ. ಸೀಟು ಆರಿಸುವಾಗ ಇದನ್ನು ತೂಗಿ ನೋಡು.

ಒಂದು ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ. ಮನುಷ್ಯರ ಮೇಲೆ ಏನನ್ನೇ ಅಳೆಯುವ ಮೊದಲು, ಸೂಜಿ ಚುಚ್ಚದ ಪರೀಕ್ಷೆಯಾದರೂ ಸರಿ, ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪೂರ್ತಿ ಓದು. ಅದೇ ವರ್ಷದ ವೈದ್ಯಕೀಯ ಸಾಧನಗಳ ನಿಯಮಗಳನ್ನೂ ಓದು. ನಾಲಿಗೆ ಒತ್ತುವ ಕಡ್ಡಿಯಿಂದ ಹೃದಯದ ಕವಾಟದವರೆಗೆ ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ಅಲ್ಲಿ ವಿಂಗಡಿಸಿದ್ದಾರೆ. ನೀನು ಮಾಡುವ ಸಾಧನ ಯಾವ ವರ್ಗದ್ದು ಎಂದು ಮೊದಲ ದಿನವೇ ಗೊತ್ತಿದ್ದರೆ ಯಾವ ಪರೀಕ್ಷೆಗಳು ಬೇಕೆಂಬುದು ಮೊದಲೇ ತಿಳಿಯುತ್ತದೆ, ಕಡೆಗೆ ತಲೆ ಮೇಲೆ ಕೈ ಹೊತ್ತು ಕೂರುವುದು ತಪ್ಪುತ್ತದೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ಕಂಡಿದ್ದೇನೆ, ಅಂಥವರ ಜೊತೆ ಸೇರಬೇಡ. ಕಮಲಾಪುರದ ಸುತ್ತ ಎಷ್ಟು ತಾಂಡಾಗಳಿವೆ ನಿನಗೆ ಗೊತ್ತು. ಲಂಬಾಣಿ ಮಾತಾಡುವ ಹಿರಿಯಳಿಗೆ ಲಂಬಾಣಿಯಲ್ಲಿ, ಉರ್ದು ಮನೆಯವರಿಗೆ ನಮ್ಮ ಊರಿನ ಉರ್ದುವಿನಲ್ಲಿ, ಉಳಿದವರಿಗೆ ಕಲಬುರಗಿಯ ಕನ್ನಡದಲ್ಲಿ ಹೇಳಿಸು. "ಬ್ಯಾಡ ಅಂದ್ರೂ ನಡೀತದ್ರಿ ಅವ್ವಾ, ನಿಮ್ಮ ಔಷಧ ಉಪಚಾರ ನಿಲ್ಲಂಗಿಲ್ಲ" ಎಂಬ ಮಾತನ್ನು ಮೊದಲು ಹೇಳು, ಕೊನೆಗಲ್ಲ. ಬಡವರು ಡಾಕ್ಟರ ಕೋಟು ಕಂಡರೆ ಹೂಂ ಅನ್ನುತ್ತಾರೆ. ಆ ಹೂಂ ಭಯದ್ದೋ ಮನಸ್ಸಿನದೋ ತಿಳಿದುಕೊಳ್ಳುವಷ್ಟು ಹೊತ್ತು ಅವರ ಬಳಿ ಕೂತಿರು.

ವಾರ್ಡಿನಲ್ಲಿ ಸಿಸ್ಟರುಗಳ ಮಾತು ಕೇಳುವುದನ್ನು ರೂಢಿ ಮಾಡಿಕೋ. ಯಾವ ಪಂಪು ಸುಮ್ಮಸುಮ್ಮನೆ ಅಲಾರಾಂ ಹೊಡೆಯುತ್ತದೆ, ಯಾವ ಮಾನಿಟರಿನ ಅಲಾರಾಂ ಬಾಯಿ ಮುಚ್ಚಿಸಿ ಇಟ್ಟಿದ್ದಾರೆ, ರಾತ್ರಿ ಪಾಳಿಯಲ್ಲಿ ಯಾವ ಬಟನ್ ಕೈಗೆ ಸಿಗುವುದಿಲ್ಲ, ಇದೆಲ್ಲ ಅವರಿಗೆ ಗೊತ್ತು. ಹೊಸ ಸಾಧನ ಮಾಡಿದ ಮೇಲೆ ಅವರಿಗೆ ತೋರಿಸುವುದಲ್ಲ, ಮಾಡುವ ಮೊದಲೇ ಕೇಳು. ಸಾಧನ ಚೆನ್ನಾಗಿ ಬಂದು ಅದನ್ನು ಜನರಿಗೆ ಮುಟ್ಟಿಸುವ ಹಂತ ಬಂದಾಗ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬಿರಾಕ್‌ನವರ ಬಿಗ್ ಅನುದಾನಕ್ಕೆ ಅರ್ಜಿ ಹಾಕಬಹುದು, 50 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ಆದರೆ ಅದು ಆಮೇಲಿನ ಮಾತು.

ಓದಲು ಬೆಂಗಳೂರಿಗೋ ಮಣಿಪಾಲಕ್ಕೋ ತಿರುವನಂತಪುರಕ್ಕೋ ಹೋಗು, ನಾನು ತಡೆಯುವುದಿಲ್ಲ. ಅಪ್ಪ ಹಿಂದೇಟು ಹಾಕಿದರೆ, ನನ್ನ ಅಣ್ಣನೇ ಅಲ್ಲವೆ, ಅವನ ಹತ್ತಿರ ನಾನು ಮಾತಾಡುತ್ತೇನೆ. ಸದ್ಯಕ್ಕೆ ಈ ಬೇಸಿಗೆಗೆ ಒಂದು ಕೆಲಸ ಇಟ್ಟುಕೋ. ಎರಡು ತಾಪಮಾನ ಲಾಗರ್ ಕೊಳ್ಳು, ದುಡ್ಡು ನಾನು ಕಳಿಸುತ್ತೇನೆ. ಮೇ ತಿಂಗಳಿಡೀ ಒಂದು ದವಾಖಾನೆಯ ಯಂತ್ರಗಳ ಕೋಣೆಯಲ್ಲಿ ಒಂದು, ಹೊರಗಿನ ನೆರಳಿನಲ್ಲಿ ಒಂದು ಇಡು. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರಲಿ, ಕರೆಂಟು ಹೋದ ಹೊತ್ತನ್ನು ಕೈಯಿಂದ ಬರೆದಿಡು. ವೈದ್ಯಾಧಿಕಾರಿಗಳ ಅನುಮತಿ ಲಿಖಿತವಾಗಿ ಬೇಕು. ಅರ್ಜಿಯನ್ನು ಕನ್ನಡದಲ್ಲೇ ಬರೆ, ಒಂದು ಪುಟ ದಾಟಬಾರದು. ಕರಡು ಈ ವಾರವೇ ಕಳಿಸು, ತಿದ್ದಿ ಕೊಡುತ್ತೇನೆ.